ಬೇಸಿಗೆಯ ರಜೆಯಲ್ಲಿ ಬೆಸುಗೆಯ ವಿದ್ಯೆ

ಅಮೆರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಅಲ್ಲಿಯ ಹೈಸ್ಕೂಲಿನಲ್ಲಿ ಓದುವ ತಮ್ಮ 16 ವರ್ಷದ ಮಗಳು ಬೇಸಿಗೆಯ ರಜೆಯಲ್ಲಿ ಸಂಬಳ ಪಡೆಯುತ್ತ ವೆಲ್ಡಿಂಗ್ ಕೆಲಸವನ್ನು ಕಲಿಯಬಯಸುತ್ತಾಳೆಂದೂ, ಇದು ಹೆಣ್ಣುಮಕ್ಕಳಿಗೆ ತಕ್ಕದ್ದೋ ಎಂದೂ ವಿಚಾರಿಸಿರುತ್ತಾರೆ. ಇಲ್ಲಿನ ಕೆಲವು ತಂದೆತಾಯಿಗಳೂ ಇಂಥದೇ ಪ್ರಶ್ನೆಯನ್ನು ಕೇಳಿರುವುದರಿಂದ ಉತ್ತರವನ್ನು ಈ ಸಂಚಿಕೆಯಲ್ಲಿಯೇ ಬರೆಯುವುದು ಉಚಿತವೆಂದು ತೋರಿತು.

ಅಕ್ಕಸಾಲಿಗನು ಒಡವೆಗೆ ಬೆಸುಗೆ ಹಾಕುವಾಗ ನಡುವೆ ಇಟ್ಟ ಬೆಸುಗೆಯ ಲೋಹ ಮಾತ್ರ ಕರಗುತ್ತದೆ, ಒಡವೆಯು ಕರಗುವುದಿಲ್ಲ. ವೆಲ್ಡಿಂಗಿನಲ್ಲಾದರೋ ಎರಡು ತುಂಡುಗಳ ಅಂಚುಗಳೇ ಕರಗಿ ಒಂದಾಗುತ್ತವೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಕಡ್ಡಿಗೂ ತಗಡಿಗೂ ನಡುವೆ ಹತ್ತಿಕೊಳ್ಳುವ ವಿದ್ಯುತ್ತಿನ ಜ್ವಾಲೆಯ ಶಾಖವು ಅದಕ್ಕಿಂತ ಎಷ್ಟೋ ಹೆಚ್ಚು. ಈ ಜ್ವಾಲೆಯನ್ನು ಬೆಸುಗೆಗೆ ಉಪಯೋಗಿಸುವ ಕ್ರಮವನ್ನು ರಷ್ಯಾ ದೇಶದ ಬೆನಾರ್ದೊಸ್ ಎಂಬವರು 1880ರ ದಶಕದಲ್ಲಿ ಪ್ರಚಾರಕ್ಕೆ ತಂದರು.

ಕಲಿಯುವವಳು ಮೊದಲ ದಿನಗಳಲ್ಲಿ ಏನನ್ನೂ ಜೋಡಿಸುವುದಿಲ್ಲ. ಒಂದು ತಗಡಿನ ಮೇಲೆ ಸಾಲುಸಾಲಾಗಿ ಗೆರೆಗಳನ್ನು ಎಳೆಯುತ್ತಾಳೆ, ಅಷ್ಟೇ. ಕಡ್ಡಿಯ ತುದಿಯು ತಗಡಿಗೆ ತೀರ ಹತ್ತಿರವಾದರೆ ಅಂಟಿಕೊಳ್ಳುತ್ತದೆ. ದೂರವಾದರೆ ಕಿಡಿಗಳು ಚಿಮ್ಮಿ ಗೆರೆ ಹರಡುತ್ತದೆ. ಸರಿಯಾಗಿದ್ದರೆ ಎಣ್ಣೆಯಲ್ಲಿ ಏನನ್ನೋ ಕರಿದಂತೆ ಒಂದೇ ಸಮನಾದ ಸದ್ದು ಬರುತ್ತದೆ. ಕೈ ನಿಧಾನವಾದರೆ ಲೋಹ ಗುಡ್ಡೆಯಾಗುವುದು, ಆತುರವಾದರೆ ಗೆರೆ ಸಪುರವಾಗುವುದು. ಹೊಲಿಗೆಯ ತರಗತಿಯಲ್ಲಿ ಸಮನಾದ ಹೊಲಿಗೆಗಾಗಿ ಬಿಚ್ಚಿ ಬಿಚ್ಚಿ ಹೊಲಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪರೀಕ್ಷೆಯ ಕ್ರಮವು ನನಗೆ ಬಹಳ ಮೆಚ್ಚಿಕೆಯಾಗಿದೆ. ಬೆಸೆದ ತಗಡಿನಿಂದ ಒಂದು ಪಟ್ಟಿಯನ್ನು ಕತ್ತರಿಸಿ ಅದನ್ನು ಕುದುರೆಯ ಲಾಳದ ಆಕಾರಕ್ಕೆ ಬಗ್ಗಿಸುತ್ತಾರೆ. ಒಳಗೆ ಗುಳ್ಳೆಯೋ ಕಿಟ್ಟವೋ ಉಳಿದಿದ್ದರೆ ಅಲ್ಲಿಯೇ ಬಾಯಿ ಬಿಡುತ್ತದೆ. ಹೊರಗಿನ ಅಂದವು ಇಲ್ಲಿ ಲೆಕ್ಕಕ್ಕಿಲ್ಲ. 1943ರ ಜನವರಿಯಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ಎಣ್ಣೆಹಡಗು ಆರೆಗಾನ್ ಪ್ರಾಂತದ ಪೋರ್ಟ್‌ಲೆಂಡ್ ರೇವಿನಲ್ಲಿ, ನಿಶ್ಚಲವಾದ ನೀರಿನಲ್ಲಿ ನಿಂತಿದ್ದಂತೆಯೇ ಬಹುಮಟ್ಟಿಗೆ ಎರಡಾಗಿ ಸೀಳಿತು. ಚಳಿಗೆ ಪೆಡಸಾದ ಉಕ್ಕು ಮತ್ತು ದೋಷವಿದ್ದ ಬೆಸುಗೆ ಇದಕ್ಕೆ ಕಾರಣಗಳಲ್ಲಿ ಸೇರಿದ್ದವು.

ಸ್ತ್ರೀಯರಿಗೆ ಇದು ಸಾಧ್ಯವೇ ಎಂಬ ಸಂಶಯವು ಆ ಯುದ್ಧಕಾಲದಲ್ಲಿಯೇ ತೀರಿತು. ಕ್ಯಾಲಿಫೋರ್ನಿಯಾದ ರಿಚ್ಮಂಡಿನ ಹಡಗುಕಟ್ಟೆಗಳಲ್ಲಿ 747 ಹಡಗುಗಳು ತಯಾರಾದವು. ಅಲ್ಲಿ ಸಾವಿರಾರು ಸ್ತ್ರೀಯರು ದುಡಿದರು, ಅವರಲ್ಲಿ ಬೆಸುಗೆಯವರು ಅನೇಕರು.

ಇನ್ನು ಸಂಬಳದ ವಿಷಯ. ಕಲಿಯುವವರಿಗೆ ಹಣವೇಕೆ, ಅದರಿಂದ ಮಕ್ಕಳಿಗೆ ಆಶೆ ಹತ್ತುವುದಲ್ಲವೇ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾಕಂದರೆ ಅಮೆರಿಕಾದಲ್ಲಿ ಬಡ ಮನೆಯ ಹೈಸ್ಕೂಲು ಮಕ್ಕಳು ರಜೆಯಲ್ಲಿ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಮನೆಗೆ ನೆರವಾಗುತ್ತಾರೆ. ಶಿಕ್ಷಣವು ಸಂಬಳವಿಲ್ಲದ್ದಾದರೆ ಅನುಕೂಲಸ್ಥರ ಮಕ್ಕಳೇ ಅಲ್ಲಿಗೆ ಹೋಗುವರು. ಕಸುಬು ಅತ್ಯವಶ್ಯವಾದವಳು ಹೊರಗುಳಿಯುವಳು. ಆ ದೇಶದಲ್ಲಿ 1935ರಿಂದ 1943ರ ವರೆಗೆ ‘ರಾಷ್ಟ್ರೀಯ ಯುವಜನ ಆಡಳಿತ’ವೆಂಬ ಇಲಾಖೆಯು ಯುವಕ ಯುವತಿಯರಿಗೆ ಕೂಲಿ ಕೊಟ್ಟು ಕೆಲಸ ಕಲಿಸಿತು. ಇತ್ತೀಚಿನ 2014ರ ಉದ್ಯೋಗ ಶಿಕ್ಷಣದ ಕಾಯಿದೆಯೂ ಸ್ಥಳೀಯ ಯುವಜನ ನಿಧಿಯಲ್ಲಿ ಐದರಲ್ಲೊಂದು ಪಾಲನ್ನಾದರೂ ಕೆಲಸದ ಅನುಭವ ದೊರಕಿಸಲು ವೆಚ್ಚ ಮಾಡಬೇಕೆಂದು ವಿಧಿಸಿತು. ಬೇಸಿಗೆಯ ಸಂಬಳದ ಕೆಲಸವೂ ಇದರಲ್ಲಿ ಸೇರುತ್ತದೆ.

ಅಪಾಯವಿಲ್ಲವೆಂದು ಹೇಳಲಾರೆನು. ಜ್ವಾಲೆಯನ್ನು ಬರಿಗಣ್ಣಿನಿಂದ ನೋಡಿದರೆ ಕೆಲವು ಗಂಟೆಗಳ ಮೇಲೆ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ ಏಳುತ್ತದೆ. ಬೆಸುಗೆಯ ಹೊಗೆಯು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಲ್ಲೊಂದೆಂದು ಅಂತರರಾಷ್ಟ್ರೀಯ ತಜ್ಞರು 2017ರಲ್ಲಿ ನಿರ್ಣಯಿಸಿದರು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕಿಡಿಗೆ ಕರಗಿ ಮೈಗಂಟುತ್ತವೆ. ದಪ್ಪ ಹತ್ತಿ ಬಟ್ಟೆ, ಚರ್ಮದ ಕೈಗವಸು, ಕಪ್ಪು ಗಾಜಿನ ಮುಖಕವಚ, ಬಿಗಿಯಾಗಿ ಕಟ್ಟಿದ ಕೂದಲು, ಹೊಗೆಯನ್ನು ಹೊರಗೆಳೆಯುವ ಏರ್ಪಾಡು ಇವಿಷ್ಟೂ ಇರಲೇಬೇಕು. ಆದುದರಿಂದ ಆ ತಾಯಿಯು ಮೊದಲಾಗಿ ಕೇಳತಕ್ಕದ್ದು ಸಂಬಳವೆಷ್ಟೆಂದಲ್ಲ. ಮಗಳ ಬಳಿ ನಿಂತು ಕಲಿಸುವವರು ಯಾರು, ಕವಚಗಳನ್ನು ಯಾರು ಕೊಡುತ್ತಾರೆ, ಗಾಯವಾದರೆ ವಿಮೆ ಯಾರದು, ಪಾಠದ ಗಂಟೆಗಳಿಗೂ ಸಂಬಳವುಂಟೋ, ಕೊನೆಗೆ ಬಗ್ಗಿಸುವ ಪರೀಕ್ಷೆ ನಡೆಯುವುದೋ ಎಂದು ಕೇಳಲಿ. ಅಲ್ಲಿಯ ಕಾನೂನಿನಂತೆ 14, 15 ವರ್ಷದವರನ್ನು ಕಾರ್ಖಾನೆಯ ತಯಾರಿಕೆ ಕೆಲಸಕ್ಕೆ ಹಚ್ಚಕೂಡದು. 16 ತುಂಬಿದವರಿಗೂ ಲೋಹವನ್ನು ಒತ್ತಿ ಕತ್ತರಿಸುವ ಯಂತ್ರಗಳಂಥ ಅಪಾಯಕರ ಕೆಲಸಗಳು 18ರ ವರೆಗೆ ಸಾಮಾನ್ಯವಾಗಿ ನಿಷಿದ್ಧ. ಇದೆಲ್ಲ ಸರಿಯಾಗಿದ್ದರೆ ಮಗಳನ್ನು ಧಾರಾಳವಾಗಿ ಕಳುಹಿಸಲಿ. ಪೌಲನೂ ಗುಡಾರ ಮಾಡುವ ಕಸುಬಿನವನಾಗಿದ್ದನಷ್ಟೆ.

ನಮ್ಮ ದೇಶದಲ್ಲಿ ದಾರಿ ಬೇರೆ. 2016ರ ತಿದ್ದುಪಡಿಯಾದಂದಿನಿಂದ 18 ತುಂಬದವರನ್ನು ಅಪಾಯಕರ ಉದ್ಯೋಗಗಳಲ್ಲಿ ದುಡಿಸುವುದು ಅಪರಾಧ. ಆದರೆ ಎಂಟನೆಯ ತರಗತಿ ತೇರ್ಗಡೆಯಾಗಿ 14 ವರ್ಷ ತುಂಬಿದವರು ಐ.ಟಿ.ಐ.ಗಳಲ್ಲಿ ಒಂದು ವರ್ಷದ ವೆಲ್ಡರ್ ಶಿಕ್ಷಣಕ್ಕೆ ಸೇರಬಹುದು, ಹುಡುಗಿಯರಿಗೆ ತಡೆಯಿಲ್ಲ. ಅನಂತರ 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಯಲ್ಲಿ ಭತ್ಯ ಪಡೆಯುತ್ತ ಅಭ್ಯಾಸವನ್ನು ಮುಂದುವರಿಸಬಹುದು. ಅಪಾಯಕರ ಕೈಗಾರಿಕೆಗಳಲ್ಲಿ ಇದಕ್ಕೆ 18 ವರ್ಷ ತುಂಬಿರಬೇಕು. ರಜೆಯ ಕೂಲಿಗಾಗಿ ಬೀದಿಬದಿಯ ಶೆಡ್ಡಿಗೆ, ಕಣ್ಣಿಗೆ ಕನ್ನಡಕವೂ ಇಲ್ಲದೆ, ಮಕ್ಕಳನ್ನು ಕಳುಹಿಸುವುದು ಮಾತ್ರ ಬೇಡ. ಎಸ್.ಎಸ್.ಎಲ್.ಸಿ. ಮುಗಿಸುವ ನಮ್ಮ ಹುಡುಗಿಯರಲ್ಲಿ ಯಾರಿಗಾದರೂ ಈ ಕಸುಬಿನಲ್ಲಿ ಮನಸ್ಸಿದ್ದರೆ, ಫಲಿತಾಂಶ ಬಂದ ವಾರದಲ್ಲಿಯೇ ತಂದೆತಾಯಿಗಳೊಡನೆ ಶಾಲೆಯ ಆಫೀಸಿಗೆ ಬರಲಿ. ಅರ್ಜಿ ಬರೆಯಲು ನಾವು ನೆರವಾಗುವೆವು.