ಅಂಗೈಯಗಲದ ಕೌದಿ

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಟ್ರಂಕು ತೆರೆದರೆ ತಳದಲ್ಲಿ ಒಂದು ಅರಿವೆಯ ಗಂಟು ಇದ್ದೇ ಇರುತ್ತದೆ. ಬಿಚ್ಚಿ ನೋಡಿದರೆ ಜೀರ್ಣವಾದ ಇಳಕಲ್ ಸೀರೆಯ ಸೆರಗು, ಕುಪ್ಪಸ ಹೊಲಿದು ಮಿಕ್ಕ ಖಣದ ತುಂಡು, ಅಜ್ಜನ ಧೋತರದ ಅಂಚು, ಯಾವುದೋ ಮಗುವಿನ ಅಂಗಿಯ ತೋಳು. ಒಂದೂ ಗೇಣುದ್ದ ದಾಟುವುದಿಲ್ಲ. ‘ಇರ್ಲಿ ಬಿಡು, ಕೌದಿಗೆ ಆಗತೈತಿ’ ಎಂದು ಮನೆಯ ಹಿರಿಯಳೊಬ್ಬಳು ವರ್ಷಗಟ್ಟಲೆ ಕೂಡಿಟ್ಟ ಆಸ್ತಿ ಅದು.

ಈಗ ಇಂಥ ಗಂಟಿಗೆ ನಗರಗಳಲ್ಲಿ ಹೊಸ ಕಳೆ ಬಂದಿದೆ. ಚೂರು ಬಟ್ಟೆಯಲ್ಲಿ ಗೋಡೆಯ ಚಿತ್ರ, ಪುಸ್ತಕದ ಗುರುತುಪಟ್ಟಿ, ಕಿವಿಯೋಲೆ, ಲೋಟದ ಕೆಳಗಿಡುವ ಪುಟ್ಟ ಹಾಸು, ಬೊಂಬೆ ಮಾಡುವುದನ್ನು ಕಲಿಸುವ ಶಿಬಿರಗಳು ನಡೆಯುತ್ತವೆ. ಅಪ್‌ಸೈಕ್ಲಿಂಗ್, ಪ್ಯಾಚ್‌ವರ್ಕ್, ಟೆಕ್ಸ್‌ಟೈಲ್ ಆರ್ಟ್ ಎಂಬ ಹೆಸರುಗಳು ಕೇಳಿಬರುತ್ತವೆ. ಕಲಿಯಲು ಬಂದವರಿಗೆ ಹೆಸರು ಹೊಸದು. ಸೂಜಿ ಹಿಡಿದು ಹತ್ತು ನಿಮಿಷ ಕೂತರೆ ಬೆರಳಿಗೆ ನೆನಪಾಗುವುದು ಮಾತ್ರ ಅಜ್ಜಿಯ ಕೈ.

ಕೌದಿಯೆಂದರೆ ಹೊದೆಯುವ ದೊಡ್ಡ ಹೊದಿಕೆ ಎಂದಷ್ಟೇ ತಿಳಿದವರು ಅದರ ಸುತ್ತ ಬೆಳೆದ ಸಣ್ಣ ಸಾಮಾನುಗಳ ಲೋಕವನ್ನು ಮರೆತಿರುತ್ತಾರೆ. ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನೇ ನೋಡಿ. ನೆತ್ತಿ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಈ ಪುಟ್ಟ ಉಡುಗೆಗೆ ಖಣದ ತುಂಡುಗಳೇ ಶೋಭೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣದ ಮೈತುಂಬ ಸಣ್ಣ ಸಣ್ಣ ಬುಟ್ಟಾ ಇರುವುದರಿಂದ ಎರಡು ಬೆರಳಗಲದ ಚೂರಿನಲ್ಲೂ ಒಂದು ಇಡೀ ಚಿತ್ತಾರ ಉಳಿದಿರುತ್ತದೆ. ದೊಡ್ಡ ಹೂವಿನ ಬಟ್ಟೆಯನ್ನು ಚೂರು ಮಾಡಿದರೆ ಹೂವು ಹರಿದುಹೋಗುತ್ತದೆ, ಖಣ ಹಾಗಲ್ಲ. ಅದನ್ನು ಕಂಡುಕೊಂಡ ಹೆಂಗಸರು ಹಸಿರು, ಕೆಂಪು, ನೇರಳೆ ಖಣಗಳನ್ನು ತ್ರಿಕೋನ ಕತ್ತರಿಸಿ, ಒಂದರ ಪಕ್ಕ ಒಂದಿಟ್ಟು ಕುಂಚಿಗೆ ಹೊಲಿದರು.

ಚಂಚಿಯೂ ಅಂಥದೇ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಒಂದಕ್ಕೊಂದು ತಾಗದಂತೆ ಒಳಗೊಳಗೇ ಖಾನೆಗಳಿರುವ ದಾರದ ಚೀಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವ ಈ ವಸ್ತುವಿಗೆ ಅಂಚಿನಲ್ಲಿ ಬಣ್ಣದ ಪಟ್ಟಿ, ದಾರದ ತುದಿಗೆ ಚಿಂದಿಯ ಗೊಂಡೆ. ಎತ್ತಿನ ಬೆನ್ನಿಗೆ ಹಾಕುವ ಝೂಲ, ಬಾಗಿಲ ತೋರಣ, ಕೊಡ ಹೊರುವ ಸಿಂಬಿ ಎಲ್ಲಕ್ಕೂ ಇದೇ ಗಂಟಿನಿಂದಲೇ ಬಟ್ಟೆ.

ಈ ಕಲೆಯ ಒಳಗುಟ್ಟು ತಿಳಿಯಬೇಕಾದರೆ ಉತ್ತರ ಕನ್ನಡದ ಕಾಡಿನ ಅಂಚಿಗೆ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂರೂ ಕಡೆಯ ಹೆಂಗಸರು ಹೊಲಿಯುವುದು ಒಂದೇ ಬಗೆಯ ಹೊದಿಕೆ, ಅದಕ್ಕೆ ‘ಕವಂದ’ ಎನ್ನುತ್ತಾರೆ. ಕ್ರೈಸ್ತರ ಕವಂದದಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರ ಕವಂದದಲ್ಲಿ ಅರ್ಧಚಂದ್ರ ಕಾಣುವುದುಂಟು. ಮಿಕ್ಕಂತೆ ಹೊಲಿಗೆಯ ಹಾದಿ ಒಂದೇ.

ಆ ಹಾದಿ ವಿಶಿಷ್ಟವಾದದ್ದು. ಪಾಶ್ಚಾತ್ಯ ಪ್ಯಾಚ್‌ವರ್ಕಿನಲ್ಲಿ ಸಾಮಾನ್ಯವಾಗಿ ಮೊದಲು ತುಂಡುಗಳನ್ನು ಜೋಡಿಸಿ ಮೇಲು ಹಾಸು ಸಿದ್ಧಮಾಡಿಕೊಂಡು, ಆಮೇಲೆ ಒಳಹಾಸು, ಅಡಿಹಾಸು ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸು ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ನೇರವಾಗಿ ಶುರು ಮಾಡುತ್ತಾಳೆ. ಮೊದಲ ತುಂಡನ್ನು ಇಟ್ಟು ಎಲ್ಲ ಪದರಗಳೂ ಹಿಡಿಯುವಂತೆ ಕಚ್ಚಾ ಹೊಲಿಗೆ ಹಾಕುತ್ತಾಳೆ, ಅದರ ಪಕ್ಕಕ್ಕೆ ಎರಡನೆಯದು, ಮೂರನೆಯದು. ಅಂಚನ್ನು ಒಂದು ಸುತ್ತು ಸುತ್ತಿ ಬಂದ ಮೇಲೆ ಒಳಗಿನ ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಚೌಕಟ್ಟಿಲ್ಲ, ಕಾಗದದ ಮೇಲೆ ಗೆರೆಯಿಲ್ಲ. ಮುಂದಿನ ತುಂಡು ಯಾವುದು ಎಂಬುದು ಹಿಂದಿನ ತುಂಡು ಮುಗಿದಾಗಲೇ ತೀರ್ಮಾನವಾಗುತ್ತದೆ. ಹೊಲಿಗೆಯ ಸಾಲುಗಳು ಒಂದರೊಳಗೊಂದು ಚೌಕಗಳಾಗಿ ಕೂಡುವುದರಿಂದ, ತುಂಡುಗಳ ಬಣ್ಣ ಎಷ್ಟೇ ಚೆಲ್ಲಾಪಿಲ್ಲಿಯಾಗಿದ್ದರೂ ಇಡೀ ಕವಂದಕ್ಕೆ ಒಂದು ಹದ ಬರುತ್ತದೆ.

ಇನ್ನು ಮೂಲೆಗಳು. ಬಟ್ಟೆಯ ಪುಟ್ಟ ಚೌಕವನ್ನು ಮಡಿಸಿ ತ್ರಿಕೋನ ಮಾಡಿ, ನಾಲ್ಕೂ ಮೂಲೆಗೆ ಒಂದರ ಮೇಲೊಂದು ಬಣ್ಣ ಇಣುಕುವಂತೆ ಕೂರಿಸುತ್ತಾರೆ. ಅದಕ್ಕೆ ‘ಫುಲಾ’ ಎಂದು ಹೆಸರು, ಅಂದರೆ ಹೂವು. ಫುಲಾ ಇಲ್ಲದ ಕವಂದ ಅವರ ಕಣ್ಣಿಗೆ ಬೆತ್ತಲೆ. ಗಮನಿಸಬೇಕಾದ ಮಾತು ಇದು. ಫುಲಾ ಯಾವ ತೂತನ್ನೂ ಮುಚ್ಚುವುದಿಲ್ಲ, ಚಳಿಗೆ ಒಂದೆಳೆಯ ಬಿಸಿಯನ್ನೂ ಕೊಡುವುದಿಲ್ಲ. ಇಡೀ ಹೊದಿಕೆಗೆ ಬಟ್ಟೆ ಹೊಂದಿಸುವುದೇ ಕಷ್ಟವಾದ ಮನೆಯಲ್ಲಿ ನಾಲ್ಕು ಮೂಲೆಗಳಿಗೆಂದು ಒಳ್ಳೆಯ ತುಂಡುಗಳನ್ನು ಮೀಸಲಿಡುತ್ತಾರೆ. ತೇಪೆ ಕಲೆಯಾಗುವ ಜಾಗ ಅದೇ. ಬಡತನದಿಂದ ಹುಟ್ಟಿದ ಕಸುಬು ಎಂದು ಕೌದಿಯನ್ನು ಕನಿಕರದಿಂದ ನೋಡುವವರು ಆ ಮೂಲೆಗಳನ್ನು ನೋಡಿಲ್ಲ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ಸಿದ್ದಿಯರ ಊರುಗಳಿಗೆ ಬಂದು ಈ ಹೊದಿಕೆಗಳನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಗಳ ಪ್ರದರ್ಶನ ನಡೆಯಿತು. ಅಲ್ಲಿಂದಾಚೆಗೆ ಸಿದ್ದಿಯರ ಹೊರಗಿನಿಂದ ಒಳಕ್ಕೆ ಸಾಗುವ ವಿಧಾನವನ್ನು ಬೇರೆ ದೇಶಗಳ ಹವ್ಯಾಸಿಗಳೂ ಕಲಿತು, ಅಂಗೈಯಗಲದ ಪುಟ್ಟ ಕವಂದಗಳನ್ನು ಹೊಲಿಯುತ್ತಾರೆ. ಹೆಸರನ್ನೂ ಹಾಗೇ ಉಳಿಸಿಕೊಂಡಿದ್ದಾರೆ.

ಚೂರು ಬಟ್ಟೆಯ ಇಂಥದೇ ಇನ್ನೊಂದು ಕಲೆ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿದೆ. ಅಲ್ಲಿಯ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚಿಕ್ಕ ಚಿಕ್ಕ ಬಟ್ಟೆಯ ತುಂಡುಗಳನ್ನು ಕೂಡಿಸಿ, ಕನ್ನಡಿ, ಕವಡೆ, ಬಣ್ಣದ ದಾರ ಸೇರಿಸಿ ಹೊಲಿಯುವ ಕೆಲಸ ಅದರ ಜೀವಾಳ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಕುಶಲಕರ್ಮಿ ಹೆಣ್ಣುಮಕ್ಕಳು ಮಾಡಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಚಿಂದಿಯ ಈ ಬಾಳು ಜಗತ್ತಿನ ಬೇರೆ ಮೂಲೆಗಳಲ್ಲೂ ಇದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ನೆರೆಹೊರೆಯ ಬಂಧುಗಳು. ಜಪಾನಿನ ಉತ್ತರದ ಚಳಿನಾಡಿನಲ್ಲಿ ರೈತರು ತೇಪೆಯ ಮೇಲೆ ತೇಪೆ ಹಾಕಿ ಹೊದ್ದ ನೀಲಿ ಬಟ್ಟೆಗಳು ‘ಬೊರೊ’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಸೇರಿವೆ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸದ ಸವೆದ ಉಡುಪುಗಳಿಂದ ಮಾಡಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಯೇರಿದವು. 2006ರಲ್ಲಿ ಅಂಚೆಚೀಟಿಗಳಲ್ಲೂ ಬಂದವು. ಚಂಡೀಗಢದಲ್ಲಿ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿಗಳಿಂದ ಮೂರ್ತಿ ಮಾಡಿದ್ದನ್ನು ಬಹಳ ಜನ ಬಲ್ಲರು. ಅವರು ಚಿಂದಿ ಬಟ್ಟೆಗಳಿಂದಲೂ ಬೊಂಬೆಗಳನ್ನು ಮಾಡಿದ್ದರು.

ಹಳೆಯ ಬಟ್ಟೆಯನ್ನೇ ಏಕೆ ಆರಿಸಬೇಕು? ಉಳಿತಾಯವೊಂದೇ ಕಾರಣವಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ತೊಳೆದರೆ ಅದು ಕುಗ್ಗುತ್ತದೆ, ಬಣ್ಣವನ್ನೂ ಬಿಡಬಹುದು. ನೂರು ಸಲ ಒಗೆದ ಧೋತರ ಅಷ್ಟೂ ಪರೀಕ್ಷೆಗಳನ್ನು ದಾಟಿ ಬಂದಿರುತ್ತದೆ. ಗಂಜಿ ಹೋಗಿ, ಕುಗ್ಗುವಷ್ಟು ಕುಗ್ಗಿ, ಎಳೆಗಳು ಸಡಿಲಾಗಿ, ನಾಲ್ಕು ಪದರ ಮಡಿಸಿದರೂ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೈಹೊಲಿಗೆಗೆ ಇದಕ್ಕಿಂತ ಹದವಾದ ಬಟ್ಟೆ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಈಗ ಬಟ್ಟೆಯ ಕೊರತೆಯೇನೂ ಇಲ್ಲ, ತೊಂದರೆ ಅದರ ಹೆಚ್ಚಳದ್ದು. 2022ರ ಒಂದು ಅಧ್ಯಯನದ ಲೆಕ್ಕದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯ ಸೇರುತ್ತದೆ. ಜಗತ್ತಿನ ಬಟ್ಟೆ ತ್ಯಾಜ್ಯದ ಶೇ 8.5ರಷ್ಟು. ಅದರಲ್ಲಿ ಅರ್ಧದಷ್ಟು ಮನೆಗಳಲ್ಲಿ ಉಟ್ಟು ಬಿಟ್ಟದ್ದು, ಉಳಿದದ್ದರಲ್ಲಿ ಬಹುಪಾಲು ಗಿರಣಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಿಕ್ಕಿದ್ದು. ಪಾಣಿಪತ್‌ನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಸೀಳಿ ಮತ್ತೆ ನೂಲು ಮಾಡುವ ದೊಡ್ಡ ಉದ್ಯಮವೇ ಇದೆ. ಅಂಗೈಯಗಲದ ಹೊಲಿಗೆ ತ್ಯಾಜ್ಯದ ಆ ಬೆಟ್ಟವನ್ನು ಕರಗಿಸಲಾರದು, ನಿಜ. ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ಹಳೆಯ ಬಟ್ಟೆಗೂ ಘನತೆಯಿದೆ ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಸೂಜಿ ಹಿಡಿದವರು ಅದನ್ನೇ ಒಂದೊಂದು ಚೂರಿನ ಮಟ್ಟದಲ್ಲಿ ತೋರಿಸುತ್ತಾರೆ.

ಮನೆಯಲ್ಲಿ ಶುರು ಮಾಡುವವರು ಮೊದಲು ಗಂಟನ್ನು ಬೇರ್ಪಡಿಸಬೇಕು. ಹತ್ತಿ ಒಂದು ಕಡೆ, ಪಾಲಿಯೆಸ್ಟರ್ ಒಂದು ಕಡೆ, ಬನಿಯನ್ನು, ಟೀಶರ್ಟಿನಂಥ ಎಳೆದರೆ ಹಿಗ್ಗುವ ಬಟ್ಟೆ ಇನ್ನೊಂದು ಕಡೆ. ಹಿಗ್ಗುವುದನ್ನೂ ಹಿಗ್ಗದ್ದನ್ನೂ ಕೂಡಿಸಿ ಹೊಲಿದರೆ ಮೇಲ್ಮೈ ಸುಕ್ಕುಗಟ್ಟುತ್ತದೆ. ಯಾವುದು ಹತ್ತಿ ಎಂದು ಅನುಮಾನ ಬಂದರೆ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿದರಾಯಿತು. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಡುಗೆಂಪು, ಕಡುನೀಲಿ ತುಂಡುಗಳನ್ನು ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡುವುದು ಕ್ಷೇಮ. ಬಣ್ಣ ಅಂಟಿದರೆ ಆ ತುಂಡನ್ನು ಮತ್ತೆರಡು ಸಲ ತೊಳೆಯಬೇಕು.

ಆರು ಇಂಚಿನ ಪುಟ್ಟ ಕವಂದಕ್ಕೆ ಎಂಟು ಇಂಚು ಚೌಕದ ಸೀರೆ ತುಂಡು ಅಡಿಹಾಸಾಗಿ ಸಾಕು. ನಡುವೆ ಆರು ಇಂಚಿನ ಧೋತರದ ಪದರ ಒಂದೆರಡು. ಅಡಿಹಾಸಿನ ಅಂಚನ್ನು ಸುತ್ತಲೂ ಒಂದೊಂದು ಇಂಚು ಒಳಮಡಿಸಿ, ಒಂದು ಮೂಲೆಯಲ್ಲಿ ಫುಲಾ ಸೇರಿಸಿ, ಅದರ ಬುಡ ಮುಚ್ಚುವಂತೆ ಮೊದಲ ತುಂಡನ್ನು ಇಡಬೇಕು. ತುಂಡಿನ ಹೊರ ಅಂಚು ಒಳಕ್ಕೆ ಮಡಚಿರಲಿ, ಒಳ ಅಂಚು ಹಾಗೇ ಇರಲಿ. ಮುಂದಿನ ಸುತ್ತಿನ ತುಂಡು ಅದರ ಮೇಲೆ ಅರ್ಧ ಇಂಚು ಕೂತು ಮುಚ್ಚುತ್ತದೆ. ಮೂಲೆ ಬಂದಾಗ ಬಟ್ಟೆಯನ್ನು ತಿರುಗಿಸಿ, ಹೊಲಿಗೆಯ ಸಾಲು ಕಿರುಬೆರಳಗಲ ಒಳಸರಿದು ಮುಂದುವರಿಯಬೇಕು. ಟಾಕು ಅಕ್ಕಿಕಾಳಿನಷ್ಟು ಉದ್ದ ಬಂದರೆ ಚೆಂದ, ದೊಡ್ಡದಾದರೂ ಕೆಡುವುದಿಲ್ಲ. ಅಳತೆಪಟ್ಟಿ ಹಿಡಿದು ಎಲ್ಲ ತುಂಡುಗಳನ್ನು ಸಮ ಮಾಡುವ ಆಸೆಯನ್ನು ಮಾತ್ರ ಬಿಡಬೇಕು. ಮುಕ್ಕಾಲು ಇಂಚಿನ ಖಣದ ಚೂರು ತನ್ನ ಅಳತೆಯಲ್ಲೇ ಕೂತಾಗ ಅದರ ಪಕ್ಕದ ಬಿಳಿಗೂ ಕಳೆ ಬರುತ್ತದೆ.

ಕೊನೆಗೆ ನಡುವಿನಲ್ಲಿ ಉಳಿಯುವುದು ಹೆಬ್ಬೆರಳಗಲದ ಬಯಲು. ಉತ್ತರ ಕರ್ನಾಟಕದ ಕೆಲವು ಕಡೆ ಕೌದಿಯ ಕೊನೆಯ ಸಂದಿಯನ್ನು ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರೊಂದನ್ನು ಇಡುತ್ತಾರೆ. ಹೊದ್ದವರ ಮೈ ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು ಎಂಬ ಪ್ರೀತಿ ಅದು. ಪುಟ್ಟ ಕವಂದದ ನಡುವಿಗೆ ನಾಲ್ಕೂ ಕಡೆ ಅಂಚು ಮಡಚಿದ ಒಂದು ಒಳ್ಳೆಯ ಚೂರು ಸಾಕು. ಹಾಗಾಗಿ ಮೊದಲ ಸುತ್ತಿನಲ್ಲೇ ಇಷ್ಟದ ತುಂಡುಗಳನ್ನೆಲ್ಲ ಖರ್ಚು ಮಾಡದೆ ಒಂದನ್ನು ತೆಗೆದಿಟ್ಟುಕೊಳ್ಳುವುದು ಅನುಭವಸ್ಥರ ಪಾಠ.

ಮುಗಿದ ಮೇಲೆ ಬೋರಲು ಹಾಕಿ, ಹಿಂಬದಿಯ ಸೀರೆಯ ಮೇಲೆ ದಾರದಲ್ಲಿ ಎರಡು ಸಾಲು ಬರೆಯುವುದನ್ನು ಯಾರೂ ಬಿಡಬಾರದು. ಹಳೆಯ ಕೌದಿಗಳ ಮುಂದೆ ನಿಂತಾಗ ಬಹಳ ಸಲ ಇದು ಯಾರ ಕೈಯದು, ಯಾವ ಕಾಲದ್ದು ಎಂದು ಹೇಳುವವರೇ ಇರುವುದಿಲ್ಲ. ಹೊಲಿದವರ ಹೆಸರು, ವರ್ಷ, ಸಾಧ್ಯವಾದರೆ ಯಾರ ಸೀರೆ, ಯಾರ ಅಂಗಿ ಎಂಬುದೂ ಇರಲಿ. ಆರು ಇಂಚಿನಲ್ಲಿ ಅಷ್ಟಕ್ಕೆ ಜಾಗವಿದೆ.