ಶಿವಾಜಿನಗರ: ಕೇಳಿದ ಮಾತು, ಕಂಡ ಬೀದಿ

ಪರ ಊರಿನ ಗೆಳೆಯರ ಮನೆಗೆ ಹೊರಟವರಿಗೆ ವಿಳಾಸಕ್ಕಿಂತ ಮೊದಲೇ ಆ ಬಡಾವಣೆಯ ಬಗೆಗಿನ ಮಾತು ತಲುಪಿರುತ್ತದೆ. ಬೆಂಗಳೂರಿನ ಶಿವಾಜಿನಗರ ಇದಕ್ಕೆ ಒಳ್ಳೆಯ ನಿದರ್ಶನ. ‘ವಿಪರೀತ ಗದ್ದಲ, ಜೇಬು ಜೋಪಾನ’ ಎಂಬ ಎಚ್ಚರಿಕೆಯನ್ನು ಹೊಸಬರು ಕೇಳಿಯೇ ಇರುತ್ತಾರೆ.

ಈ ಕೆಟ್ಟ ಹೆಸರಿಗೆ ಚರಿತ್ರೆಯ ಕಾರಣವೂ ಇದೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಸ್ಥಾಪಿಸಿದಾಗ, ಸೈನ್ಯಕ್ಕೆ ಸಾಮಾನು ಮತ್ತು ದುಡಿಮೆ ಒದಗಿಸುವ ತಮಿಳು, ಉರ್ದು, ತೆಲುಗು ಮಾತಿನವರು ಸುತ್ತ ನೆಲೆಸಿದರು. ಇಂದಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಳ್ಳಿ. ದಂಡು ಮತ್ತು ಹಳೆಯ ಊರಾದ ಪೇಟೆ, ಇವೆರಡರ ಪುರಸಭೆಗಳು ಒಂದಾದದ್ದು 1949ರಲ್ಲಿ. ಅಲ್ಲಿಯವರೆಗೆ ಎರಡೂ ಬೇರೆ ಊರುಗಳಂತೆಯೇ ಬೆಳೆದವು. ಒಂದರ ಜನಕ್ಕೆ ಇನ್ನೊಂದು ಅಪರಿಚಿತವಾಗಿಯೇ ಉಳಿಯಿತು. ಅಪರಿಚಿತ ಜಾಗಕ್ಕೆ ಕೆಟ್ಟ ಹೆಸರು ಬೇಗ ಅಂಟುತ್ತದೆ.

ಬೀದಿಗಿಳಿದರೆ ಚಿತ್ರ ಬದಲಾಗುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು, ಹೂವು, ಮೀನು, ಮಾಂಸ ಒಂದೇ ಸೂರಿನಡಿ ಸಿಗುತ್ತವೆ. ಹತ್ತಿರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕೇಸರಿ ಬಟ್ಟೆ ತೊಟ್ಟ ಭಕ್ತರು ಸೇರುತ್ತಾರೆ. ತೇರು ಬೀದಿಗೆ ಬರುತ್ತದೆ. ರಂಜಾನ್ ಸಂಜೆಗಳಲ್ಲಿ ಸಮೋಸ, ಹಲೀಮ್, ಕಬಾಬುಗಳಿಗಾಗಿ ಎಲ್ಲ ಧರ್ಮದವರೂ ಬರುತ್ತಾರೆ.

ಜನಸಂದಣಿಯಲ್ಲಿ ಎಚ್ಚರ ಬೇಕು ಎಂಬುದು ನಿಜ. ಅದು ಎಲ್ಲ ದೊಡ್ಡ ಮಾರುಕಟ್ಟೆಗಳಿಗೂ ಸಲ್ಲುವ ಮಾತು. ಹೊತ್ತು ಬದಲಾದಂತೆ, ಗಲ್ಲಿ ಬದಲಾದಂತೆ ಬಡಾವಣೆಯ ಸ್ವಭಾವವೂ ಬದಲಾಗುತ್ತದೆ. ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂದು ಅಲ್ಲೇ ಬಾಳುವ ಗೆಳೆಯರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ.