ಊದುಗೊಳವೆ ಹೇಳದುದನ್ನು ರಕ್ತ ಹೇಳೀತೆ?

ರಾತ್ರಿಯೆಲ್ಲ ಉಬ್ಬಸದಿಂದ ಒದ್ದಾಡಿ, ದಿಂಬಿಗೊರಗಿ ಕುಳಿತೇ ಬೆಳಗು ಮಾಡಿದ ಸಹಪಾಠಿಯು ಮಧ್ಯಾಹ್ನ ಆಟದ ಬಯಲಿನಲ್ಲಿ ಓಡುವುದನ್ನು ಕಂಡು, ಅವನ ಬೇನೆ ಬರಿಯ ನೆಪವೆಂದು ನಾವು ನಕ್ಕಿದ್ದುಂಟು. ಆ ನಗು ಅಜ್ಞಾನದ್ದು. ಅಸ್ತಮಾ ಎಂದೂ ಕರೆಯುವ ಈ ಉಬ್ಬಸವು ಬಂದು ಬಂದು ಹೋಗುವ ರೋಗ. ಅದು ಅಡಗಿ ಕುಳಿತಿರುವಾಗ ಕಂಡುಹಿಡಿಯುವ ಬಗೆ ಯಾವುದು?

ಮೊದಲು ಒದಗಿದುದು ಉಸಿರಿನ ಅಳತೆ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎಂಬ ವೈದ್ಯರು, ನೀರಿನಲ್ಲಿ ಬೋರಲಾಗಿ ತೇಲುವ ಪಾತ್ರೆಯೊಳಕ್ಕೆ 2000ಕ್ಕೂ ಹೆಚ್ಚು ಮಂದಿಯಿಂದ ಊದಿಸಿ, ಶ್ವಾಸಕೋಶಗಳು ಎಷ್ಟು ಗಾಳಿಯನ್ನು ಹೊರಬಿಡಬಲ್ಲವೆಂಬುದನ್ನು ಅಳೆದು ಪ್ರಕಟಿಸಿದರು. ಆದರೆ ಉಬ್ಬಸದಲ್ಲಿ ಗಾಳಿ ಎಷ್ಟು ಎಂಬುದಕ್ಕಿಂತ ಎಷ್ಟು ಬೇಗ ಎಂಬುದು ಮುಖ್ಯ. ಆರೋಗ್ಯವಂತ ತರುಣನು ಊದುವ ಗಾಳಿಯ ಮುಕ್ಕಾಲು ಪಾಲು, ಇಲ್ಲವೆ ಅದಕ್ಕೂ ಹೆಚ್ಚು, ಮೊದಲ ಒಂದೇ ಸೆಕೆಂಡಿನಲ್ಲಿ ಹೊರಬೀಳುವುದು. ಶ್ವಾಸನಾಳಗಳು ಬಿಗಿದು, ಒಳಪೊರೆ ಊದಿ, ಲೋಳೆ ತುಂಬಿದಾಗ ಈ ಪಾಲು ಕುಗ್ಗುವುದು.

ಹಾಗಾದರೆ ರಕ್ತವನ್ನೇಕೆ ತೆಗೆಯುತ್ತಾರೆ? 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರು ಇಯೋಸಿನ್ ಎಂಬ ಕೆಂಬಣ್ಣವನ್ನು ಹೀರಿಕೊಳ್ಳುವ ಒಂದು ಜಾತಿಯ ಬಿಳಿಯ ರಕ್ತಕಣವನ್ನು ಗುರುತಿಸಿ, ಅದಕ್ಕೆ ಇಯೋಸಿನೋಫಿಲ್ ಎಂದು ಹೆಸರಿಟ್ಟರು. ಗ್ರೀಕರ ನುಡಿಯಲ್ಲಿ ಇಯೋಸ್ ಎಂದರೆ ಉಷಸ್ಸು. ಹೆಸರು ಮನೋಹರ, ಕೆಲಸ ಕಠೋರ! ಹುಳುಗಳನ್ನು ಕೊಲ್ಲಬಲ್ಲ ವಿಷವನ್ನು ಇವು ಒಡಲೊಳಗೆ ಹೊತ್ತಿರುತ್ತವೆ. ಉಬ್ಬಸವುಳ್ಳ ಅನೇಕರಲ್ಲಿ ಇವು ಶ್ವಾಸನಾಳಕ್ಕೆ ನುಗ್ಗಿ, ಅದೇ ವಿಷದಿಂದ ಒಳಪೊರೆಯನ್ನು ಕೆಡಿಸುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ನ್ನು ಮೀರವು.

ಈ ಕಣಗಳನ್ನು ಕಡಮೆ ಮಾಡುವ ಮೆಪೊಲಿಜುಮಾಬ್ ಎಂಬ ಚುಚ್ಚುಮದ್ದು ಬಂದಾಗ ಒಂದು ಸೋಜಿಗ ನಡೆಯಿತು. ಉಬ್ಬಸದವರೆಲ್ಲ ಒಂದೇ ಎಂದೆಣಿಸಿ ಕೊಟ್ಟಾಗ ಅದು ವ್ಯರ್ಥವೆನಿಸಿತು. 2009ರಲ್ಲಿ, ಕಫದಲ್ಲಿ ಈ ಕಣಗಳು ಹೆಚ್ಚಾಗಿದ್ದವರನ್ನೇ ಆರಿಸಿ ಕೊಟ್ಟಾಗ ಉಬ್ಬಸದ ಹೊಡೆತಗಳು ಕಡಮೆಯಾದವು. 2012ರಲ್ಲಿ ಪ್ರಕಟವಾದ, 600ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಹೊಡೆತಗಳು ಸುಮಾರು ಅರ್ಧಕ್ಕಿಳಿದವು. ರಕ್ತದ ಎಣಿಕೆ ಹೆಚ್ಚಿದ್ದಷ್ಟೂ ಪ್ರಯೋಜನವೂ ಹೆಚ್ಚು. ಆದರೂ ಊದುವ ಅಳತೆ ಹೇಳಿಕೊಳ್ಳುವಷ್ಟು ಏರಲಿಲ್ಲ! ಉಸಿರಿನ ಅಳತೆಯು ನಾಳದ ಇಂದಿನ ಸ್ಥಿತಿಯನ್ನು ತಿಳಿಸಿದರೆ, ರಕ್ತವು ನಾಳೆ ಬರಬಹುದಾದ ಹೊಡೆತದ ಸುಳಿವು ಕೊಡುತ್ತದೆ.

ಹಾಗೆಂದು ರಕ್ತವೊಂದನ್ನೇ ನಂಬುವಂತಿಲ್ಲ. ಜಂತುಹುಳುವಿದ್ದರೂ ಎಣಿಕೆ ಏರುವುದು. ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಇಳಿಯುವುದು. ಎಣಿಕೆ ಸಾಮಾನ್ಯವಾಗಿದ್ದೂ ಉಬ್ಬಸದಿಂದ ನರಳುವವರುಂಟು. ಆದುದರಿಂದ ವೈದ್ಯರು ಊದಿಸುವುದನ್ನು ಬಿಟ್ಟಿಲ್ಲ. ಮನೆಯಲ್ಲೇ ಊದಿ ನೋಡಿಕೊಳ್ಳಬಹುದಾದ ಪುಟ್ಟ ಪ್ಲಾಸ್ಟಿಕ್ ಮಾಪಕಗಳೂ ಈಗ ದೊರೆಯುತ್ತವೆ. ನಮ್ಮ ಆ ಸಹಪಾಠಿಯು ಬೆಳಗೂ ಸಂಜೆಯೂ ಊದಿ, ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಬೆಳಗಿನ ಅಂಕಿಗಳು ಸಂಜೆಯವಕ್ಕಿಂತ ಬಹಳ ಕೆಳಗಿವೆ. ನಾವು ಕಂಡುದು ಅವನ ಮಧ್ಯಾಹ್ನದ ಓಟವನ್ನು ಮಾತ್ರ.